ಮೊಣಕಾಲಿಗೆ ಒಪ್ಪುವ ದಾರಿ

ಮನುಷ್ಯನ ಬಾಳು ಒಂದು ದೀರ್ಘವಾದ ಪಾದಯಾತ್ರೆ ಎಂದು ತಿಳಿದವರು ಹೇಳುತ್ತ ಬಂದಿದ್ದಾರೆ. ಹಾಗೆ ಹೇಳಿದವರಲ್ಲಿ ನನಗೆ ಪರಿಚಯವಿರುವವರೆಲ್ಲ ಗೋಡೆಗೆ ಒರಗಿ, ಕಾಲು ಚಾಚಿ ಕುಳಿತುಕೊಂಡೇ ಹೇಳಿದ್ದಾರೆ. ನಡೆಯುವವರು ಈ ವಿಷಯದಲ್ಲಿ ಏನನ್ನೂ ಹೇಳಿದ ಹಾಗೆ ಕಾಣೆ. ಅವರಿಗೆ ದಮ್ಮು ಹತ್ತಿರುತ್ತದೆ.

ಈ ಗಹನವಾದ ಸತ್ಯ ಇಂದು ಬೆಳಿಗ್ಗೆ ಹಾಲಿಗೆ ಹೊರಟು ಬೂಟು ಏರಿಸಿಕೊಳ್ಳುವಾಗ ನನಗೆ ಹೊಳೆಯಿತು. ಬೂಟು ಸಾಮಾನ್ಯವಾದದ್ದಲ್ಲ. ಪುಣೆಯ ಲಕ್ಷ್ಮೀ ರಸ್ತೆಯ ಅಂಗಡಿಯವನು ಅದನ್ನು ನನಗೆ ಮಾರುವಾಗ, 'ಹಿಮಾಲಯಕ್ಕೆ ಹೋಗಿ ಬಂದರೂ ಇದರ ಅಟ್ಟೆ ಸವೆಯುವುದಿಲ್ಲ' ಎಂದು ಎದೆಯ ಮೇಲೆ ಕೈ ಇಟ್ಟು ಹೇಳಿದ್ದ. ಅವನ ಮಾತು ನಿಜವಾಗಿದೆ. ಅಟ್ಟೆ ಇನ್ನೂ ಸವೆದಿಲ್ಲ. ಸದಾಶಿವ ಪೇಠೆಯ ನಮ್ಮ ಮನೆಗೂ ಹಾಲಿನ ಡೇರಿಗೂ ನಡುವೆ ಹಿಮಾಲಯ ಬರುವುದಿಲ್ಲ.

ಈ ಬೂಟನ್ನು ಕೊಂಡದ್ದು ನನ್ನ ಹೆಂಡತಿಯ ಮೊಣಕಾಲಿಗಾಗಿ. ಇದು ಸ್ವಲ್ಪ ವಿಚಿತ್ರವಾಗಿ ಕೇಳಿಸಬಹುದು, ಆದ್ದರಿಂದ ವಿವರಿಸಬೇಕು.

ಹೋದ ವರ್ಷ ದೀಪಾವಳಿಯ ಪಣತಿಗಳನ್ನು ತೊಳೆದು ಮೇಲಿಡುವ ಹೊತ್ತಿಗೆ ಇಂದಿರಾಳ ಬಲ ಮೊಣಕಾಲು ಬಾಯಿಬಿಟ್ಟು ಮಾತಾಡತೊಡಗಿತು. ಅವಳು ಎದ್ದರೆ 'ಕಟ್' ಎನ್ನುತ್ತಿತ್ತು, ಕೂತರೆ 'ಕಟಕಟ' ಎನ್ನುತ್ತಿತ್ತು. ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, ಬಹಳ ಹಳೆಯ ಗೆಳೆಯನ ಭಾವಚಿತ್ರ ನೋಡುವವರ ಹಾಗೆ ನೋಡಿ, ಮೊಣಕಾಲನ್ನು ಬದಲಿಸಬೇಕು, ಮಳೆಗಾಲದವರೆಗೆ ತಳ್ಳಬಹುದು, ಅದರಾಚೆಗೆ ಬೇಡ ಎಂದರು. ರಿಕ್ಷಾದಲ್ಲಿ ಕುಳಿತ ಮೇಲೆ ಇಂದಿರಾ ಅಂದಳು:

"ಅಲ್ರೀ, ಒಂದ ಮಾತು. ದೇವರು ಕೊಟ್ಟ ಕಾಲ ಮ್ಯಾಲೆ ಒಮ್ಮೆ ನಡಕೋತ ಹೋಗಿ ದೇವರ ಮುಂದ ನಿಂದರ್ತೀನಿ. ಆಮ್ಯಾಲೆ ನಿಮ್ಮ ಸ್ಟೀಲಿನ ಕಾಲು ಬೇಕಾದ್ದು ಹಾಕಸ್ರಿ."

"ಯಾವ ದೇವರು?"

"ಯಾವುದಾದ್ರೇನು? ಕಾಲು ಕೊಟ್ಟಾವ ಒಬ್ಬನ. ದಾರಿ ನೀವು ನೋಡ್ರಿ. ಅದೆಲ್ಲಾ ನಿಮಗ ಛಲೋ ಬರ್ತದ."

ಅವಳು ಮಾಡಿದ ತಪ್ಪು ಇದೊಂದೇ. ಮೂವತ್ತು ವರ್ಷ ಕಚೇರಿಯ ಕಡತಗಳ ಮೇಲೆ 'ಪರಿಶೀಲನೆಯಲ್ಲಿದೆ' ಎಂದು ಬರೆದು ನಿವೃತ್ತನಾದ ಮನುಷ್ಯನ ಕೈಯಲ್ಲಿ ಅವಳು ತನ್ನ ಮೊಣಕಾಲನ್ನು ಇಟ್ಟಳು.

ಕೂಡಲೇ ನಾನು ಒಂದು ಸಮಿತಿಯನ್ನು ರಚಿಸಿದೆ. ಅದರಲ್ಲಿ ಇಬ್ಬರು ಸದಸ್ಯರು: ಒಬ್ಬ ನಾನು, ಇನ್ನೊಬ್ಬರು ನಮ್ಮ ಓಣಿಯ ತುದಿಯಲ್ಲಿ ಹೋಟೆಲು ನಡೆಸುವ ಶೆಟ್ಟರು. ಶೆಟ್ಟರು ಕುಂದಾಪುರದ ಕಡೆಯವರು. ಪುಣೆಗೆ ಬಂದಾಗಿನಿಂದ ಗಲ್ಲಾದ ಮುಂದೆ ಕುಳಿತವರು ಎದ್ದದ್ದನ್ನು ನೋಡಿದವರು ಕಡಿಮೆ. ಆದ್ದರಿಂದಲೇ ದೂರದ ದಾರಿಗಳ ಬಗ್ಗೆ ಅವರಿಗೆ ನಿಷ್ಪಕ್ಷಪಾತವಾದ ಅಭಿಪ್ರಾಯಗಳಿದ್ದವು. ಸಮಿತಿಯ ಬೈಠಕ್ಕು ಅವರ ಹೋಟೆಲಿನಲ್ಲಿ, ಗಲ್ಲಾಕ್ಕೆ ಹತ್ತಿದ ಮೊದಲನೇ ಟೇಬಲ್ಲಿನಲ್ಲಿ, ದಿನಾ ಮುಂಜಾನೆ ನಾಷ್ಟಾದ ಗದ್ದಲ ಇಳಿದ ಮೇಲೆ ನಡೆಯುತ್ತಿತ್ತು. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ನಾನು ಒಂದು ಕೋಷ್ಟಕ ಹಾಕಿದೆ. ಎಡಕ್ಕೆ ಕ್ಷೇತ್ರಗಳ ಹೆಸರು. ಮೇಲೆ ಅಡ್ಡಕ್ಕೆ ನೆರಳು, ನೀರು, ಏರು, ಇಳಿವು, ಶೌಚಾಲಯ. ಶೆಟ್ಟರು ಕನ್ನಡಕ ಏರಿಸಿ ನೋಡಿ, "ಚಾ ಎಲ್ಲಿ ಉಂಟು ಇದರಲ್ಲಿ?" ಎಂದರು. ಚಹಾಕ್ಕೆ ಇನ್ನೊಂದು ಗೆರೆ ಎಳೆದೆ.

ಮೊದಲು ಶಿರಡಿಯನ್ನು ಪರಿಶೀಲಿಸಿದೆವು. ಪುಣೆಯಿಂದ ಬಹಳ ಜನ ಪಲ್ಲಕ್ಕಿ ತೆಗೆದುಕೊಂಡು ಶಿರೂರಿನ ಮೇಲೆ ಹಾದು ನಡೆದು ಹೋಗುತ್ತಾರೆ. ಸಪಾಟಾದ ದಾರಿ, ಮೊಣಕಾಲಿಗೆ ಹಿತ. ಆದರೆ ಹಿಂದಿನಿಂದ ಬರುವ ಟ್ರಕ್ಕುಗಳಿಗೂ ಅದು ಅಷ್ಟೇ ಹಿತ. "ಶಿರೂರು ದಾಟುವುದರೊಳಗೆ ನಿಮಗೆ ಮೋಕ್ಷ ಸಿಕ್ಕಿಬಿಡ್ತದೆ ರಾಯರೇ, ಶಿರಡಿತನಕ ಹೋಗುವ ಅಗತ್ಯ ಬೀಳುದಿಲ್ಲ," ಎಂದರು ಶೆಟ್ಟರು. ಶಿರಡಿ ಪರಿಶೀಲನೆಯಲ್ಲಿ ಉಳಿಯಿತು.

ಆಮೇಲೆ ನರ್ಮದಾ ಪರಿಕ್ರಮ. ನದಿಯ ಒಂದು ದಂಡೆ ಹಿಡಿದು ಸಮುದ್ರದವರೆಗೆ ಹೋಗಿ ಇನ್ನೊಂದು ದಂಡೆ ಹಿಡಿದು ಬರುವುದು. ನಮ್ಮ ಪೇಠೆಯಲ್ಲಿ ಈ ಪರಿಕ್ರಮ ಮಾಡಿದವರಿಗೆ ಕೊರತೆಯಿಲ್ಲ. ಅದರ ಬಗ್ಗೆ ಉಪನ್ಯಾಸ ಕೊಟ್ಟವರು ಮಾಡಿದವರಿಗಿಂತ ಹೆಚ್ಚು. ನಮ್ಮ ಕೆಳಗಿನ ಮನೆಯ ಲೇಲೆಯವರು ಪರಿಕ್ರಮ ಮುಗಿಸಿ ಬಂದು, ಎಷ್ಟು ಕಾಲ ನಡೆದರೋ ಅದಕ್ಕಿಂತ ಹೆಚ್ಚು ಕಾಲ ಮಾತಾಡಿದ್ದಾರೆ. ಅವರನ್ನು ಜಿನ್ನೆಯ ಮೆಟ್ಟಿಲಲ್ಲಿ ಹಿಡಿದು ಕೇಳಿದೆ. ಅವರು ಮೊದಲ ದಂಡೆಯಲ್ಲಿ ಅರ್ಧ ದಾರಿ ಮುಟ್ಟುವಷ್ಟರಲ್ಲಿ ನನ್ನ ಕೈಯಲ್ಲಿದ್ದ ಹಾಲು ಒಡೆಯುವ ಸ್ಥಿತಿಗೆ ಬಂದಿತ್ತು.

ಸ್ಪೇನ್ ದೇಶದಲ್ಲಿ ಒಂದು ಹಾದಿ ಇದೆಯೆಂದೂ, ಅಲ್ಲಿ ಪ್ರತಿ ಊರಿನಲ್ಲಿ ಯಾತ್ರಿಕರಿಗೆ ಠಸ್ಸೆ ಒತ್ತಿ ಕೊಡುತ್ತಾರೆಂದೂ ಮೊಬೈಲಿನಲ್ಲಿ ನೋಡಿದೆ. ಠಸ್ಸೆ ಎಂದೊಡನೆ ನನ್ನೊಳಗಿನ ಗುಮಾಸ್ತ ಎದ್ದು ಕುಳಿತ. ಹುರುಪಿನಿಂದ ಇಂದಿರಾಗೆ ಹೇಳಿದೆ. ಅವಳು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು.

"ಅಲ್ಲಿ ದೇವರು ಯಾರು?"

"ಯಾರೋ ಒಬ್ಬ ಸಂತ."

"ಅವಗ ಕನ್ನಡ ಬರ್ತದೇನು?"

"ಹೆಂಗ ಬರ್ತದ?"

"ಮತ್ತ ಮೊಣಕಾಲ ಸಂಕಟ ಯಾವ ಭಾಷಾದಾಗ ಹೇಳ್ಲಿ ಅವಗ? ಪಂಢರಪುರದ ವಿಠ್ಠಲಗ ಕನ್ನಡ ಬರ್ತದ."

ಇದು ಪುಣೆಯ ಕನ್ನಡಿಗರೆಲ್ಲರ ದೃಢವಾದ ನಂಬಿಕೆ. ವಿಠ್ಠಲ ಮೂಲದಲ್ಲಿ ನಮ್ಮವನು. ನಮ್ಮ ಹಾಗೆಯೇ ಕರ್ನಾಟಕದಿಂದ ಈ ಕಡೆ ಬಂದವನು. ಬಂದಾಗಿನಿಂದ ಇಟ್ಟಂಗಿಯ ಮೇಲೆ ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತೇ ಇದ್ದಾನೆ. 'ಬಸಾ', ಕೂತುಕೊಳ್ಳಿ, ಎಂದು ಇನ್ನೂ ಯಾರೂ ಅಂದಿಲ್ಲ. ನಾನು ಈ ಊರಿಗೆ ಬಂದ ಹೊಸದರಲ್ಲಿ ಕೆಲವು ಮನೆಗಳ ಬಾಗಿಲಲ್ಲಿ ಹಾಗೆಯೇ ನಿಂತಿದ್ದೇನೆ. ಆದ್ದರಿಂದ ನನಗೆ ಅವನ ಮೇಲೆ ವಿಶೇಷ ಪ್ರೀತಿ.

ಪಂಢರಪುರವೆಂದರೆ ನನಗೆ ನಮ್ಮ ಕಾಕಾ ನೆನಪಾಗುತ್ತಾನೆ. ವಿಜಯಪುರದ ಕಡೆಯ ನಮ್ಮ ಊರಿನಲ್ಲಿ ಅವನಷ್ಟು ದೊಡ್ಡ ಭಕ್ತ ಇರಲಿಲ್ಲ. ಅವನ ಭಕ್ತಿಗೆ ಒಂದು ನಿಯಮವಿತ್ತು. ಹೊಲದಲ್ಲಿ ಕೆಲಸವಿಲ್ಲದಾಗ ಅದು ತಣ್ಣಗಿರುತ್ತಿತ್ತು. ಮುಂಗಾರು ಬಿತ್ತಿಗೆ ಎಂದು ಮನೆಯಲ್ಲಿ ಕೂರಿಗೆ ಕೆಳಗಿಳಿಸಿದ ಕೂಡಲೇ ಅದು ಉಕ್ಕಿ ಬರುತ್ತಿತ್ತು. ಕೊರಳಿಗೆ ತುಳಸಿಮಾಲೆ, ಹೆಗಲಿಗೆ ಜೋಳಿಗೆ, 'ವಿಠ್ಠಲಾ' ಎಂದು ಹೊರಟುಬಿಡುತ್ತಿದ್ದ. ಯುಗಾದಿಯ ಮುಂದೆ ಶ್ರೀಶೈಲಕ್ಕೆ ಹೋಗುವವರು ಸುಡುವ ಡಾಂಬರಿನ ಮೇಲೆ ಬರಿಗಾಲಲ್ಲಿ ನಮ್ಮ ಊರ ಹೊರಗಿಂದ ಹಾದುಹೋಗುತ್ತಿದ್ದರು. ಅಜ್ಜಿ ಬೇವಿನ ಮರದ ಕೆಳಗೆ ಮಜ್ಜಿಗೆಯ ಹರವಿ ಇಟ್ಟು ಕೂಡುತ್ತಿದ್ದಳು. ಅವರ ಕಾಲ ಮೇಲೆ ನೀರು ಹಾಕುವ ಕೆಲಸ ನಮ್ಮದು. ನೀರು ಬಿದ್ದ ಕೂಡಲೇ ಅವರು ಕಣ್ಣು ಮುಚ್ಚಿ 'ಹಾ' ಎನ್ನುತ್ತಿದ್ದರು. ಆ 'ಹಾ' ಕೇಳಲಿಕ್ಕೆ ನಾವು ಹುಡುಗರು ತಂಬಿಗೆಗಾಗಿ ಹೊಡೆದಾಡುತ್ತಿದ್ದೆವು. ಭಕ್ತಿ ಎಂದರೆ ಅದೇ ಸಪ್ಪಳ ಎಂದು ನಾನು ಬಹಳ ವರ್ಷ ತಿಳಿದಿದ್ದೆ.

"ಕಾಕಾ, ನೀ ಯಾಕ ಶ್ರೀಶೈಲಕ್ಕ ಹೋಗಂಗಿಲ್ಲ?" ಎಂದು ಒಮ್ಮೆ ಕೇಳಿದೆ.

"ನೋಡಪಾ, ಶ್ರೀಶೈಲದ ದಾರ್ಯಾಗ ಬಿಸಲು. ಪಂಢರಪುರದ ದಾರ್ಯಾಗ ಮಳಿ. ಮನಿಯಾಗ ನಿಮ್ಮ ಕಾಕು. ಮೂರರಾಗ ಮಳೀನ ಛಲೋ."

ಕಾಕು ಒಳಗಿನಿಂದಲೇ ಕೂಗಿದಳು: "ಹೋಗಿ ಬರ್ರಿ, ಹೋಗಿ ಬರ್ರಿ! ನೀವು ಆ ಕಡೆ ಹೋದ್ರ ನನಗ ಇಲ್ಲೇ ಕುಂತಲ್ಲೇ ಕಾಶೀಯಾತ್ರಾ ಆಗ್ತದ."

ಹೀಗೆ ದಾರಿಗಳನ್ನು ಹೋಲಿಸಿ ನೋಡುವ ಗುಣ ನಮ್ಮ ಮನೆತನದಲ್ಲಿ ಹಿಂದಿನಿಂದಲೂ ಇದೆ. ವ್ಯತ್ಯಾಸವೆಂದರೆ ಕಾಕಾ ಹೋಲಿಸಿದ ಮೇಲೆ ಹೊರಡುತ್ತಿದ್ದ.

ಸಮಿತಿ ಕೆಲಸ ಮಾಡುತ್ತಿತ್ತು. ಸಂಕ್ರಾಂತಿಯ ಎಳ್ಳು ಮುಗಿಯಿತು. ಮಂತ್ರಾಲಯದ ವಿಷಯದಲ್ಲಿ ನೆರಳಿನ ಬಗ್ಗೆ ಸಂಶಯ ಬಂದು ಹೆಚ್ಚಿನ ಮಾಹಿತಿಗಾಗಿ ಕಾದೆವು. ಶೆಟ್ಟರು ಧರ್ಮಸ್ಥಳದ ಪರವಾಗಿ, ಮುಟ್ಟಿದ ಮೇಲೆ ಊಟದ ಚಿಂತೆಯಿಲ್ಲ ಎಂಬ ಬಲವಾದ ವಾದ ಹೂಡಿದರು. ಶ್ರೀಶೈಲವನ್ನು ಮುಂದಿನ ವಾರ ಎತ್ತಿಕೊಳ್ಳುವುದೆಂದು ಠರಾವಾಯಿತು. ಮುಂದಿನ ವಾರ ಯುಗಾದಿ ಬಂತು, ಹೋಗುವವರು ಹೋಗಿಬಿಟ್ಟಿದ್ದರು. ಈ ನಡುವೆಯೇ ನಾನು ಬೂಟು ಕೊಂಡದ್ದು. ಯಾವ ದಾರಿಯಾದರೂ ಇಂದಿರಾಳ ಜೊತೆಗೆ ಹೋಗುವವನು ನಾನೇ ತಾನೇ? ಬೂಟು ಕಂಡು ಅವಳು, "ನಿಮ್ಮ ಕಾಲಿಗೆ ಬೂಟು ಬಂತು. ನನ್ನ ಕಾಲಿಗೆ ದಾರಿ ಎಂದು ಬರ್ತದ?" ಎಂದಳು.

ಅಷ್ಟರಲ್ಲಿ ಡಾಕ್ಟರು ಶ್ರಾವಣದಲ್ಲಿ ಆಪರೇಷನ್ನಿಗೆ ದಿನ ಗೊತ್ತು ಮಾಡಿದರು. ಅವಳು ಮೆಟ್ಟಿಲಿಳಿಯುವಾಗ ಕಠಡೆ ಹಿಡಿದು ಒಂದೊಂದಕ್ಕೂ ನಿಲ್ಲುತ್ತಿದ್ದಳು. ಈಗ ಉಳಿದದ್ದು ಆಷಾಢದ ವಾರಿ, ಪಂಢರಪುರದ ಪಾದಯಾತ್ರೆ, ಒಂದೇ. ನಾನು ಕೊನೆಗೂ ಪಂಢರಪುರದ ಗೆರೆಯ ಮೇಲೆ ಬೆರಳಿಟ್ಟೆ. ಇಟ್ಟ ಕೂಡಲೇ ಹೊಸ ತೊಡಕು ಎದ್ದಿತು. ಪಂಢರಪುರಕ್ಕೆ ಹೋಗುವ ದೊಡ್ಡ ಪಾಲಖಿಗಳು, ಅಂದರೆ ಸಂತರ ಪಾದುಕೆ ಹೊತ್ತ ಪಲ್ಲಕ್ಕಿಗಳು, ಎರಡು. ಆಳಂದಿಯಿಂದ ಒಂದು, ದೇಹೂವಿನಿಂದ ಒಂದು. ಎರಡೂ ಪುಣೆಯಲ್ಲಿ ಬಂದು ತಂಗಿ, ಒಂದೇ ದಿನ ಹೊರಟು, ಹಡಪಸರದಲ್ಲಿ ಅಗಲುತ್ತವೆ. ಆಳಂದಿಯದು ದಿವೆ ಘಾಟು ಹತ್ತಿ ಸಾಸವಡಕ್ಕೆ ಹೋಗುತ್ತದೆ. ದೇಹೂವಿನದು ಸೋಲಾಪುರ ರಸ್ತೆ ಹಿಡಿದು ಲೋಣಿ ಕಾಳಭೋರಕ್ಕೆ. ಒಂದು ಕಡೆ ನೆತ್ತಿ ಮುಟ್ಟುವ ಘಟ್ಟ, ಇನ್ನೊಂದು ಕಡೆ ಅಂಗೈಯಂಥ ಬಯಲು. ಮೊಣಕಾಲಿನ ದೃಷ್ಟಿಯಿಂದ ಲೋಣಿಯೇ ಸರಿ ಎಂದು ನಾನು ಬರೆದೆ. "ಲೋಣಿಯಲ್ಲಿ ಚಾ ಹೇಗೆ?" ಎಂದು ಶೆಟ್ಟರು ತಕರಾರು ತೆಗೆದರು. ಅಂತಿಮ ನಿರ್ಣಯವನ್ನು ಮುಂದೂಡಲಾಯಿತು.

ನಾವು ಮುಂದೂಡಿದರೂ ಪಾಲಖಿಗಳು ಬಂದುಬಿಟ್ಟವು. ಅವುಗಳಿಗೆ ಸಮಿತಿ ಇರುವುದಿಲ್ಲ.

ಪಾಲಖಿ ಬಂದ ದಿನಗಳಲ್ಲಿ ನಮ್ಮ ಪೇಠೆ ಬೇರೆಯೇ ಊರು. ಮಧ್ಯಾಹ್ನ ಕದ ಹಾಕಿಕೊಂಡು ಮಲಗಿ, ಕರೆಗಂಟೆ ಒತ್ತಿದವರಿಗೆ ಶಾಪ ಹಾಕುವ ಮನೆಗಳು ಬಾಗಿಲು ತೆರೆದಿಟ್ಟು, ದಾರಿಯಲ್ಲಿ ಹೋಗುವವರನ್ನು ಕೈಹಿಡಿದು ಊಟಕ್ಕೆ ಎಳೆಯುತ್ತವೆ. ನಮ್ಮ ಪಕ್ಕದ ಹಳೆಯ ವಾಡೆಯ ಅಂಗಳದಲ್ಲಿ ಒಂದು ದಿಂಡಿ ಬಂದು ಇಳಿಯಿತು. ದಿಂಡಿ ಎಂದರೆ ಒಂದು ಸೀಮೆಯವರು ಕೂಡಿಕೊಂಡು ನಡೆಯುವ ತಂಡ. ಇವರು ಇಂಡಿಯ ಕಡೆಯವರು, ಅಚ್ಚ ಕನ್ನಡದವರು, ಇಂದಿರಾಳ ತವರಿನ ಮಗ್ಗುಲಿನವರು. ಅವಳ ಮುಖ ನೋಡಬೇಕಿತ್ತು. ಜೋಳದ ಹಿಟ್ಟು ಕಲಸಿದ್ದೇ ಕಲಸಿದ್ದು, ರೊಟ್ಟಿ ಬಡಿದದ್ದೇ ಬಡಿದದ್ದು. ಹೆಂಗಸರು ನಮ್ಮ ಮನೆಗೆ ನೀರಿಗೆ ಬಂದರು, ಮೈ ತೊಳೆಯಲು ಬಂದರು, ಸುಮ್ಮನೆ ಮಾತಾಡಲು ಬಂದರು. ಅವರಲ್ಲಿ ಚಂದ್ರವ್ವ ಎಂಬ ಮುದುಕಿ ಇಂದಿರಾಳ ಮೊಣಕಾಲನ್ನು ಒತ್ತಿ ನೋಡಿ, "ಏ ತಂಗಿ, ನಂದು ಎರಡೂ ಹಿಂಗs ಅದಾವ. ಕುಂತಾಗ ನೋಯ್ತಾವ ನೋಡು, ನಡದಾಗ ಮರೀತಾವ," ಎಂದಳು. ವೈದ್ಯಶಾಸ್ತ್ರ ಇದನ್ನು ಒಪ್ಪುವುದಿಲ್ಲ ಎಂದು ನಾನು ಕೋಣೆಯೊಳಗಿಂದ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಪಾಲಖಿ ಹೊರಡುವ ಮುಂಜಾನೆ ಸಮಿತಿಯ ತುರ್ತು ಬೈಠಕ್ಕು ಇತ್ತು. ಲೋಣಿಯೋ ಸಾಸವಡವೋ ಎಂಬುದನ್ನು ಅಂದು ಬಗೆಹರಿಸಿ, ಎರಡು ದಿನ ತಡವಾದರೂ ಬಸ್ಸಿನಲ್ಲಿ ಹೋಗಿ ಪಾಲಖಿಯನ್ನು ಹಿಡಿದು ಅಲ್ಲಿಂದ ನಡೆಯುವುದೆಂದು ನನ್ನ ಯೋಜನೆ. ಹೋಟೆಲಿಗೆ ಹೋಗುವುದಷ್ಟೇ ಎಂದು ಬಚ್ಚಲಿನ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಇಳಿದೆ. ಕೀಲಿ ಒಯ್ಯುವ ರೂಢಿ ನನಗಿಲ್ಲ. ಮನೆಯ ಕೀಲಿ ಇಂದಿರಾಳ ಸೊಂಟದಲ್ಲಿರುತ್ತದೆ, ಇಂದಿರಾ ಮನೆಯಲ್ಲಿರುತ್ತಾಳೆ. ಈ ಏರ್ಪಾಡು ನಮ್ಮ ಮದುವೆಯಷ್ಟೇ ಹಳೆಯದು.

ನಿರ್ಣಯವಾಗದೆ ಮರಳಿ ಬಂದರೆ ಬಾಗಿಲಿಗೆ ಬೀಗ. ಲೇಲೆಯವರು ಕೆಳಗಿನಿಂದ ಕೂಗಿದರು: "ಅಹೋ, ವಹಿನೀ ತಾಂಬ್ಯಾ ಘೇಊನ್ ದಿಂಡೀಮಾಗೆ ಗೇಲ್ಯಾ!"

ಚಂದ್ರವ್ವ ತನ್ನ ಹಿತ್ತಾಳೆಯ ತಂಬಿಗೆಯನ್ನು ನಮ್ಮ ಅಡಿಗೆಮನೆಯಲ್ಲಿ ಮರೆತು ಹೋಗಿದ್ದಳು. ಇಂದಿರಾ ಅದನ್ನು ಮುಟ್ಟಿಸಲಿಕ್ಕೆ ದಿಂಡಿಯ ಬೆನ್ನು ಹತ್ತಿದ್ದಳು. ಅವಳ ಮೊಬೈಲಿಗೆ ಕರೆ ಮಾಡಿದೆ. ಅದು ಬೀಗದ ಒಳಗಿನಿಂದ ನನಗೇ ಕೇಳಿಸುವ ಹಾಗೆ ರಿಂಗಣಿಸಿತು.

ಆ ಕಾಲಿಟ್ಟುಕೊಂಡು ಅವಳು ಟಿಳಕ ರಸ್ತೆಯನ್ನೂ ದಾಟಲಾರಳು ಎಂದುಕೊಂಡು ಹೊರಟೆ. ಟಿಳಕ ರಸ್ತೆಯಲ್ಲಿರಲಿಲ್ಲ. ಸ್ವಾರಗೇಟಿನಲ್ಲಿರಬೇಕು ಎಂದುಕೊಂಡೆ. ದಾರಿ ಬಂದ್ ಆಗಿತ್ತು, ರಿಕ್ಷಾ ಇಲ್ಲ, ಬಸ್ಸಿಲ್ಲ. ಜಿಟಿಜಿಟಿ ಮಳೆ, ತಾಳ ಮೃದಂಗ, ಬಿಳಿ ಟೊಪ್ಪಿಗೆಗಳ ಹೊಳೆ. "ತಂಬಿಗೆ ಹಿಡಕೊಂಡ ಹೆಣ್ಮಗಳು, ಸ್ವಲ್ಪ ಕುಂಟ್ತಾಳ," ಎಂದು ಮರಾಠಿಯಲ್ಲಿ ಕೇಳಿದರೆ ಎಲ್ಲರೂ ಮುಂದಕ್ಕೆ ಕೈ ತೋರಿಸಿದರು: "ಪುಢೇ ಗೇಲ್ಯಾ, ಮಾವುಲಿ!" ಅಲ್ಲಿ ಪ್ರತಿಯೊಬ್ಬನೂ ಇನ್ನೊಬ್ಬನಿಗೆ ಮಾವುಲಿ, ಅಂದರೆ ತಾಯಿ. ಈ ಸಂಬೋಧನೆಗೆ ನಾನು ಸಿದ್ಧನಾಗಿರಲಿಲ್ಲ. ನನ್ನಷ್ಟೇ ವಯಸ್ಸಿನ ಒಬ್ಬರು ಬಗ್ಗಿ ನನ್ನ ಬಚ್ಚಲಿನ ಚಪ್ಪಲಿಗೆ ನಮಸ್ಕಾರ ಮಾಡಿದರು. ಮಾಡಬೇಡಿ ಎನ್ನುವುದರೊಳಗೆ ಇನ್ನೊಬ್ಬರು ಮಾಡಿದರು.

ನನ್ನ ಕೋಷ್ಟಕದಲ್ಲಿ ಚಹಾಕ್ಕೆಂದು ಎಳೆದ ಗೆರೆಯನ್ನು ನೆನೆದು ನಾಚಿಕೆಯಾಯಿತು. ಹತ್ತು ಹೆಜ್ಜೆಗೊಮ್ಮೆ ಯಾರೋ ಚಹಾ ಕೈಗಿಡುತ್ತಿದ್ದರು. ಬಾಳೆಹಣ್ಣು, ಸಾಬೂದಾಣಿ ಖಿಚಡಿ, ರಾಜಗಿರಿ ಲಾಡು. ಪುಲಗೇಟಿನ ಹತ್ತಿರ ಕಾಲೇಜಿನ ಹುಡುಗಿಯೊಬ್ಬಳು ನನ್ನನ್ನು ಕುರ್ಚಿಯಲ್ಲಿ ಕೂಡ್ರಿಸಿ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕತೊಡಗಿದಳು. ನಾನು ಕಣ್ಣು ಮುಚ್ಚಿ, 'ಹಾ' ಎಂದೆ. ನಮ್ಮ ಬೇವಿನ ಮರದ ಕೆಳಗಿನ ಅದೇ ಸಪ್ಪಳ. ಬೆಚ್ಚಿಬಿದ್ದು ಕಣ್ಣು ತೆರೆದೆ. "ನಾನು ವಾರಕರಿ ಅಲ್ಲವಮ್ಮಾ, ಕೀಲಿ ಹುಡುಕಿಕೊಂಡು ಬಂದವನು," ಎಂದು ಮರಾಠಿಯಲ್ಲಿ ಹೇಳಿದೆ. ಪಕ್ಕದ ಕುರ್ಚಿಯಲ್ಲಿ ಕಾಲು ತಿಕ್ಕಿಸಿಕೊಳ್ಳುತ್ತಿದ್ದ ಮುದುಕ ತಲೆಯಾಡಿಸಿ, "ಎಲ್ಲರೂ ಅದಕ್ಕೇ ಬಂದದ್ದು, ಮಾವುಲಿ," ಎಂದ. ಅವನು ದೊಡ್ಡ ತತ್ತ್ವ ಹೇಳಿದನೋ, ಅವನ ಮನೆಯ ಕೀಲಿಯೂ ಹೆಂಡತಿಯ ಸೊಂಟದಲ್ಲಿತ್ತೋ, ವಿಚಾರಿಸಲು ಪುರಸತ್ತಿರಲಿಲ್ಲ.

ಹಡಪಸರದಲ್ಲಿ ದಾರಿ ಒಡೆಯಿತು. ಅಲ್ಲಿ ನಾನು ನಿಂತೆ. ಬಲಕ್ಕೆ ಘಟ್ಟದ ದಾರಿ, ನೇರಕ್ಕೆ ಲೋಣಿ. ಆ ದಿಂಡಿ ಯಾವ ಪಾಲಖಿಯದು ಎಂದು ಎರಡು ದಿನ ನಮ್ಮ ಮನೆಯಲ್ಲಿ ರೊಟ್ಟಿ ಉಂಡ ಜನರನ್ನು ನಾನು ಕೇಳಿರಲಿಲ್ಲ. ನನ್ನ ಹತ್ತಿರ ಕೋಷ್ಟಕವಿರುವಾಗ ಕೇಳುವ ಅಗತ್ಯವೇನು? ಸಾವಧಾನವಾಗಿ ತರ್ಕಿಸಿದೆ. ಇಂಥ ಮೊಣಕಾಲಿನ ಹೆಂಗಸು ಘಟ್ಟದ ಕಡೆ ತಿರುಗಿಯೂ ನೋಡಲಾರಳು. ಬಯಲಿನ ದಾರಿಯೇ ಅವಳ ದಾರಿ. ತಿಂಗಳುಗಟ್ಟಲೆ ಪರಿಶೀಲನೆಯಲ್ಲಿದ್ದ ವಿಷಯವನ್ನು ಅರೆಗಳಿಗೆಯಲ್ಲಿ ನಿರ್ಣಯಿಸಿ, ಲೋಣಿಯತ್ತ ಹೆಜ್ಜೆ ಹಾಕಿದೆ. ಎದೆ ಸ್ವಲ್ಪ ಉಬ್ಬಿತ್ತು ಎಂದೇ ಹೇಳಬೇಕು.

ಲೋಣಿ ಕಾಳಭೋರ ಮುಟ್ಟಿ, ಒಂದು ಗುಡಿಯ ಕಟ್ಟೆಯ ಮೇಲೆ ಕುಳಿತು, ಹರಿದ ಚಪ್ಪಲಿಯ ಪಟ್ಟಿಗೆ ಪಿನ್ನು ಸಿಕ್ಕಿಸುತ್ತಿದ್ದಾಗ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಇಂದಿರಾ.

"ಎಲ್ಲಿದ್ದೀರಿ? ಊಟಾ ಆತೇನು?"

"ಲೋಣ್ಯಾಗ ಇದ್ದೀನಿ. ನೀ ಎಲ್ಲಿ?"

"ಸಾಸವಡದಾಗ. ಅಲ್ರೀ, ಲೋಣಿಗೆ ಯಾಕ ಹೋದ್ರಿ?"

"ನಿನ್ನ ಮೊಣಕಾಲಿಗೆ ಇದs ದಾರಿ ಛಲೋ ಅಂತ..."

"ನನ್ನ ಮೊಣಕಾಲು ನನ್ನ ಹಂತೇಕ ಅದ ರೀ, ನಿಮ್ಮ ಹಂತೇಕ ಇಲ್ಲ." ಹಿಂದೆ ಹೆಂಗಸರು ನಗುವುದು ಕೇಳಿಸಿತು. "ತಂಬಿಗಿ ಕೊಟ್ಟು ಬರೂಣಂತ ಹೋದೆ. ಚಂದ್ರವ್ವ ಕೈ ಬಿಡಲಿಲ್ಲ. ಸಪಾಟ ದಾರ್ಯಾಗ ಅವರ ಸಾಮಾನಿನ ಟ್ರಕ್ಕಿನ್ಯಾಗ ಕುಂತೆ. ಘಟ್ಟ ಬಂದ ಕೂಡ್ಲೆ ಇಳದೆ. ಘಟ್ಟ ಪೂರಾ ನಡದೆ ರೀ."

"ಘಟ್ಟ ನಡದ್ಯಾ? ಬಯಲಾಗ ಕುಂತು ಘಟ್ಟ ನಡದ್ಯಾ?"

"ಹೌದು. ಬಯಲಾಗ ಯಾರ ಬೇಕಾದವ್ರು ನಡೀತಾರ."

ಆಮೇಲೆ ದನಿ ಇಳಿಸಿ ಅಂದಳು: "ಪಾಲಖಿ ಮುಂದ ಹೋಗಿ ನಿಂತಿದ್ದೆ. ಭಾಳ ಹೊತ್ತು ನಿಂತೆ. ಏನೂ ಬೇಡ್ಲಿಲ್ಲ. ನೆಲಕ್ಕ ಕುಂತು ನಮಸ್ಕಾರ ಮಾಡಬೇಕಂತ ಮಾಡಿದ್ದೆ, ಆದ್ರ ಕುಂತ್ರ ಮತ್ತ ಏಳಾಕ ಬರ್ತದೋ ಇಲ್ಲೋ. ನಿಂತs ಕೈ ಮುಗದೆ. ಅವನೂ ನಿಂತs ಇರ್ತಾನಲ್ಲ, ನಡೀತದ."

"ನೋವು?"

"ಅದ. ಕುಂತ ಮ್ಯಾಲೆ ಅದ." ಕೂಡಲೇ ನೆನಪಾಗಿ, "ಅಲ್ರೀ, ಕೀಲಿ ನನ್ನ ಸೊಂಟದಾಗ ಅದ. ನೀವು ಮನಿಯೊಳಗ ಹೆಂಗ ಹೋಗ್ತೀರಿ?" ಎಂದಳು.

ಅಂದು ರಾತ್ರಿ ನಾನು ಬಸ್ಸಿನಲ್ಲಿ ಮರಳಿ ಬಂದು ಶೆಟ್ಟರ ಹೋಟೆಲಿನ ಅಟ್ಟದ ಮೇಲೆ ಮಲಗಿದೆ. ಲೋಣಿಯ ಚಹಾ ಚೆನ್ನಾಗಿತ್ತೆಂದು ಅವರಿಗೆ ವರದಿ ಒಪ್ಪಿಸಿದೆ. ಮರುದಿನ ಇಂದಿರಾ ಬಸ್ಸಿನಲ್ಲಿ ಬಂದಳು. ಶ್ರಾವಣದಲ್ಲಿ, ಗೊತ್ತು ಮಾಡಿದ ದಿನವೇ, ಅವಳ ಬಲ ಮೊಣಕಾಲಿನ ಆಪರೇಷನ್ ಆಯಿತು. ಮನೆಯ ಕೀಲಿಯ ಇನ್ನೊಂದು ಪ್ರತಿ ಈಗ ಶೆಟ್ಟರ ಗಲ್ಲಾದಲ್ಲಿದೆ.